ಬೀಗತಿಯರು ಹತ್ತಿದ ಪಿಕಪ್ಪು

ನಮ್ಮ ಮನೆಯವರು ಹೊಸ ಪಿಕಪ್ ಗಾಡಿ ತಂದ ದಿನ, ಬೆಳಗಾವಿಯ ರವಿವಾರ ಪೇಟೆಯಲ್ಲಿದ್ದ ನಮ್ಮ ಬೆಲ್ಲದ ಅಂಗಡಿಯ ಮುಂದೆಯೇ ಅದರ ಪೂಜೆಯಾಯಿತು. ನಾಲ್ಕು ಗಾಲಿಗಳ ಕೆಳಗೆ ನಾಲ್ಕು ಲಿಂಬೆಹಣ್ಣು ಇಟ್ಟು, ಮುಂದಿನ ಗಾಜಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದೆವು. ಆಚೀಚೆಯ ಅಂಗಡಿಯವರು ಬಂದು ಬಾಗಿಲು ತೆಗೆದು ಹಾಕಿ ನೋಡಿದರು, ಬೆಲ್ಲದ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲವೆಂದರು. ಇವರು ಎಲ್ಲದಕ್ಕೂ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದರು. ಆ ಹೂಂಗುಟ್ಟುವಿಕೆಯಲ್ಲಿ ಏನೋ ಕಳ್ಳತನ ಇದೆ ಎಂದು ನನಗೆ ಆಗಲೇ ಅನ್ನಿಸಿತ್ತು. ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಬೆನ್ನು ನೋಡಿದರೂ ಅಷ್ಟು ತಿಳಿಯುತ್ತದೆ.

ಇದು ಎಂಬತ್ತರ ದಶಕದ ಮಾತು. ನಾನು ಬೆಳಗಾವಿಯ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಸದಾಶಿವನಗರದಲ್ಲಿ ಮನೆ. ಮನೆಯಲ್ಲಿ ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು, ಮತ್ತೆ ನಮ್ಮ ಅತ್ತೆ. ಅತ್ತೆ ನಡುಮನೆಯ ಮಂಚದ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಒಮ್ಮೆಯೂ ಏಳದೆ ಇಡೀ ಮನೆಯ ಆಡಳಿತ ನಡೆಸುತ್ತಿದ್ದರು. ಅಡುಗೆಮನೆಯಲ್ಲಿ ಸಾಸಿವೆ ಸೀದರೆ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಪೂಜೆಯ ದಿನ ಸಂಜೆಯೇ ಇವರ ಗುಟ್ಟು ಹೊರಬಿತ್ತು. ಟ್ರಂಕಿನ ತಳದಿಂದ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ತೆಗೆದರು. ಕ್ಯಾಂಪಿನ, ಅಂದರೆ ಊರಿನ ದಂಡಿನ ಪ್ರದೇಶದ, ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದಂತೆ. ಅದರಲ್ಲಿ ಒಂದು ಬಣ್ಣದ ಚಿತ್ರ: ಕಾಡಿನ ನಡುವೆ ಒಂದು ಪಿಕಪ್ ಗಾಡಿ, ಅದರ ಬೆನ್ನಿಗೆ ಪುಟ್ಟ ಮನೆ, ಮುಂದೆ ಚಡ್ಡಿ ತೊಟ್ಟ ಗಂಡಸು ಮಡಚುವ ಕುರ್ಚಿಯಲ್ಲಿ ಕಾಲು ಚಾಚಿದ್ದಾನೆ. ಪಕ್ಕದಲ್ಲಿ ಅವನ ಹೆಂಡತಿ ಒಲೆಯ ಮುಂದೆ ನಿಂತು ನಗುತ್ತಿದ್ದಾಳೆ.

“ಏನ್ ಕಾಣಸ್ತೈತಿ ನಿನಗ ಇದರಾಗ?” ಎಂದು ಕೇಳಿದರು, ಕಣ್ಣರಳಿಸಿಕೊಂಡು.

“ಗಂಡಸು ಕುಂತಾನ, ಹೆಂಗಸು ಅಡಗಿ ಮಾಡಾಕತ್ತಾಳ,” ಎಂದೆ. “ಇಷ್ಟು ನೋಡಾಕ ಅಡವಿಗೆ ಯಾಕ ಹೋಗಬೇಕ್ರಿ?”

ಅವರು ಸಿಟ್ಟಾಗಲಿಲ್ಲ. ಕನಸು ಕಾಣುವವರಿಗೆ ಕಿವಿ ಸ್ವಲ್ಪ ಮಂದ. ವಾರವೆಲ್ಲ ಬೆಲ್ಲ ಸಾಗಿಸಿದ ಗಾಡಿ ರಜೆಯಲ್ಲಿ ಮನೆಯವರನ್ನು ಹೊತ್ತು ಹೊಳೆದಂಡೆಗೆ ಹೋಗಬೇಕು, ಅಲ್ಲೇ ಊಟ, ಅಲ್ಲೇ ನಿದ್ದೆ. ದಾರಿ ಇಲ್ಲದಲ್ಲಿಯೂ ಗಾಡಿ ಹೋಗಬೇಕು. ಇದಕ್ಕೆ ಅವರು ‘ಕ್ಯಾಂಪ್’ ಎಂದರು. ಆ ಮಾತು ಕೇಳಿ ಅತ್ತೆ ಮಂಚದಿಂದಲೇ ಕೇಳಿದರು, “ಎದರ ಕ್ಯಾಂಪೋ? ಕಣ್ಣಿಂದೋ, ಆಪರೇಷನ್ದೋ?” ಪಕ್ಕದ ಮನೆಯಾಕೆಗೆ ನಾನು ದೀಪಾವಳಿ ರಜೆಯಲ್ಲಿ ಕ್ಯಾಂಪಿಗೆ ಹೋಗುತ್ತೇವೆ ಎಂದಾಗ ಆಕೆ ದಂಡಿನ ಪ್ರದೇಶ ಅಂದುಕೊಂಡು, “ಕ್ಯಾಂಪಿಗೆ ಹೋಗಾಕ ರಜಾ ಯಾಕ್ರಿ? ತಾಸಿಗೊಂದು ಸಿಟಿ ಬಸ್ ಐತೆಲ್ಲ,” ಎಂದರು.

ಗಾಡಿ ಹೋದದ್ದು ಪೂನಾ-ಬೆಂಗಳೂರು ರಸ್ತೆಯ ಬದಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದ ಒಬ್ಬ ಮಿಸ್ತ್ರಿಯ ಬಳಿಗೆ. ಅರವತ್ತರ ಹತ್ತಿರದ ಮನುಷ್ಯ, ಬಿಳಿ ಗಡ್ಡ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಸಿಟ್ಟು ಬಂದರೆ ಮರಾಠಿ. ಅವರ ಅಜ್ಜ ಊರಿನ ಟಾಂಗಾಗಳನ್ನು ಕಟ್ಟುತ್ತಿದ್ದರಂತೆ. ಇವರು ನನ್ನ ಶಾಲೆಯ ಡ್ರಾಯಿಂಗ್ ಹಾಳೆಯ ಮೇಲೆ ಬರೆದಿದ್ದ ನಕ್ಷೆಯನ್ನು ಮಿಸ್ತ್ರಿ ನೇರ ಹಿಡಿದು ನೋಡಿದರು, ತಿರುಗಿಸಿ ನೋಡಿದರು, ಆಮೇಲೆ ಕೇಳಿದರು.

“ಸಾವ್ಕಾರ, ಇದು ಗಾಡಿನೋ, ಮನಿನೋ? ಒಂದ ಹೇಳ್ರಿ. ಎರಡೂ ಅಂದ್ರ ಎರಡೂ ಕೆಡ್ತಾವ.”

“ಎರಡೂ,” ಎಂದರು ಇವರು.

ಮಿಸ್ತ್ರಿ ನಿಟ್ಟುಸಿರು ಬಿಟ್ಟು ಪೆನ್ಸಿಲ್ ಕೈಗೆ ತೆಗೆದುಕೊಂಡರು. ಹಿಂದಿನ ಗಾಲಿಗಳ ಮೇಲೆ ಭಾರ ಹೊರುವ ಕಬ್ಬಿಣದ ಪಟ್ಟಿಗಳಿಗೆ ಇನ್ನೆರಡು ಪಟ್ಟಿ ಸೇರಿಸಿ ಗಾಡಿಯನ್ನು ಎತ್ತರಿಸುವುದು, ಹಿಂದೆ ಕಬ್ಬಿಣದ ಕಮಾನು ನಿಲ್ಲಿಸಿ ದಪ್ಪ ತಾಡಪತ್ರಿ ಹೊದಿಸುವುದು, ಎರಡೂ ಬದಿಗೆ ಸಾಗವಾನಿ ಹಲಗೆಯ ಆಸನ, ಮಧ್ಯೆ ಹಲಗೆ ಜೋಡಿಸಿದರೆ ನಾಲ್ಕು ಮಂದಿ ಮಲಗುವಷ್ಟು ಜಾಗ, ಹಿಂದಿನಿಂದ ಎಳೆದರೆ ಹೊರಗೆ ಬರುವ ಅಡುಗೆಯ ಡ್ರಾವರ್, ಮೇಲೊಂದು ನೀರಿನ ಡ್ರಮ್ಮು. ದಿನಾಲೂ ಅಂಗಡಿ ಮುಚ್ಚಿದ ಮೇಲೆ ಇವರು ಅಲ್ಲಿಗೆ ಹೋಗಿ ಒಂದೊಂದು ಸ್ಕ್ರೂವನ್ನೂ ಮುಟ್ಟಿ ನೋಡಿ ಬರುತ್ತಿದ್ದರು. ಮಕ್ಕಳು ಹುಟ್ಟಿದಾಗಲೂ ಆಸ್ಪತ್ರೆಗೆ ಅಷ್ಟು ಸಲ ಬಂದಿರಲಿಲ್ಲ. ಹಾಗೆ ನಾನು ಅಂದೂ ಬಿಟ್ಟೆ. “ಮಕ್ಕಳು ತಾವ ಬೆಳೀತಾವ. ಇದು ಹಂಗ ಬೆಳಿಯಾಂಗಿಲ್ಲ,” ಎಂದು ಅವರು ಗಂಭೀರವಾಗಿ ಉತ್ತರಿಸಿದರು.

ಅತ್ತೆ ತಾನು ಬರುವುದೇ ಇಲ್ಲ ಎಂದು ಎಂಟು ದಿನ ಹಟ ಹಿಡಿದಿದ್ದರು. ಒಂಬತ್ತನೆಯ ದಿನ, “ಎಲ್ಲಿ ಮಲಗಸ್ತಾನೋ ನೋಡಿ ಬರ್ತೇನಿ,” ಎಂದು ನನ್ನನ್ನು ಕರೆದುಕೊಂಡು ಟಾಂಗಾದಲ್ಲಿ ಮಿಸ್ತ್ರಿಯ ಶೆಡ್ಡಿಗೆ ಬಂದಿಳಿದರು. ಎತ್ತರಿಸಿದ ಗಾಡಿಯ ಹಿಂದೆ ನಿಂತು ಮೇಲಿಂದ ಕೆಳಗೆ ನೋಡಿದರು.

“ಇಷ್ಟ ಎತ್ತರ ಹತ್ತಾಕ ನಾ ಏನ್ ಮಂಗ್ಯಾ ಏನು?”

ಮಿಸ್ತ್ರಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. “ಖರೇ ಐತಿ ಆಯಿ. ಸಾವ್ಕಾರ ಗಾಲಿ ಬಗ್ಗೆ ಹೇಳ್ಯಾರ, ಕಾಲಿನ ಬಗ್ಗೆ ಹೇಳಿಲ್ಲ,” ಎಂದರು. ಅಲ್ಲಿಗೆ ಅವರಿಬ್ಬರೂ ಒಂದಾದರು. ಅತ್ತೆ ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತು ಹೇಳುತ್ತ ಹೋದರು, ಮಿಸ್ತ್ರಿ ಹಲಗೆಯ ಮೇಲೆ ಗುರುತು ಹಾಕುತ್ತ ಹೋದರು. ಹಿಂದೆ ಹತ್ತಲು ಎರಡು ಮೆಟ್ಟಿಲು, ನೆಲದಿಂದ ಒಂದು ಗೇಣಿನಷ್ಟೇ ಮೇಲೆ. ಹಿಡಿದುಕೊಳ್ಳಲು ಒಂದು ಸರಳು. ಅತ್ತೆ ಕೂರುವ ಬದಿಯ ತಾಡಪತ್ರಿಯಲ್ಲಿ ಒಂದು ಪುಟ್ಟ ಕಿಟಕಿ.

“ಕಿಟಕಿ ಯಾಕವ್ವಾ?” ಎಂದರು ಸಂಜೆ ಬಂದ ಇವರು.

“ಎಲಿ ಉಗುಳಾಕ. ನಿನ್ನ ಹೊಸ ಹಲಗಿ ಮ್ಯಾಲ ಉಗುಳ್ಲೇನು?”

ಇವರು ಕಿಟಕಿಗೆ ಒಪ್ಪಿದರು. ಮೆಟ್ಟಿಲಿಗೆ ಮಾತ್ರ ಮಿಸ್ತ್ರಿಯ ಜೊತೆ ಬಹಳ ವಾದ ಮಾಡಿದರು. ಗಾಡಿಯನ್ನು ಇಷ್ಟು ಎತ್ತರ ಮಾಡಿ ಹಿಂದೆ ಇಷ್ಟು ಕೆಳಗೆ ಕಬ್ಬಿಣ ಇಳಿಬಿಟ್ಟರೆ ಕಲ್ಲಿಗೆ, ದಿಬ್ಬಕ್ಕೆ ಬಡಿಯುತ್ತದೆ ಎನ್ನುವುದು ಅವರ ಮಾತು. ಅದು ಸರಿಯಾದ ಮಾತೇ ಎಂದು ಆಮೇಲೆ ಗೊತ್ತಾಯಿತು. ಆದರೆ ಮಿಸ್ತ್ರಿ, “ಮೆಟ್ಟಲಾ ಬಡದ್ರ ಕಲ್ಲಿಗೆ ಬಡೀತೈತಿ. ಆಯಿ ಬಿದ್ರ ಯಾರಿಗೆ ಬಡೀತೈತಿ ಸಾವ್ಕಾರ?” ಎಂದು ಕೇಳಿದಾಗ ಇವರು ಮೆಟ್ಟಿಲಿಗೂ ಒಪ್ಪಿದರು. ಮೆಟ್ಟಿಲನ್ನು ಬೋಲ್ಟು ಹಾಕಿ ಕೂರಿಸಿರೆಂದು ಇವರು ಹೇಳಿದರೆ, ಅದು ಅಲುಗಾಡುತ್ತದೆಂದು ಮಿಸ್ತ್ರಿ ವೆಲ್ಡಿಂಗ್ ಮಾಡಿಯೇಬಿಟ್ಟರು.

ಒಂದು ಭಾನುವಾರ ಮಧ್ಯಾಹ್ನ ಮನೆಯ ಮುಂದೆಯೇ ತಾಲೀಮು ನಡೆಯಿತು. ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಡ್ರಾವರ್ ಎಳೆದು, ಸ್ಟವ್ ಹಚ್ಚಿ, ಮನೆಯಿಂದ ಹತ್ತು ಹೆಜ್ಜೆ ದೂರದಲ್ಲಿ ನಾನು ಕಡಲೆಹಿಟ್ಟಿನ ಜುಣಕಾ ಮಾಡಿದೆ. ಎಲ್ಲರೂ ತಾಡಪತ್ರಿಯ ಒಳಗೆ ಕೂತು ರೊಟ್ಟಿ ಜುಣಕಾ ಉಂಡೆವು. ಅಷ್ಟರಲ್ಲಿ ಒಬ್ಬರು ಬಂದು ಮನೆ ಖಾಲಿ ಮಾಡುತ್ತಿದ್ದೀರಾ, ಬಾಡಿಗೆಗೆ ಕೊಡುತ್ತೀರಾ ಎಂದು ವಿಚಾರಿಸಿದರು. ಕೈಚೀಲ ಹಿಡಿದ ಇನ್ನೊಬ್ಬರು ಏನೂ ಕೇಳದೆ ಹತ್ತಿ ನನ್ನ ದೊಡ್ಡ ಮಗಳ ಪಕ್ಕ ಕೂತು, “ಗೋಕಾಕಕ್ಕ ಎಷ್ಟೊತ್ತಿಗೆ ಬಿಡತೈತ್ರಿ?” ಎಂದರು. ಅತ್ತೆ ಅವರಿಗೂ ಒಂದು ರೊಟ್ಟಿ ಕೊಟ್ಟು ಇಳಿಸಿದರು.

ದೀಪಾವಳಿ ಮುಗಿದ ಮೂರನೆಯ ದಿನ ಹೊರಟೆವು. ಇವರು ಆರಿಸಿದ್ದ ಜಾಗ ಖಾನಾಪುರ ದಾಟಿ ಮುಂದೆ, ಮಲಪ್ರಭೆಯ ದಂಡೆಯ ಒಂದು ಹುಲ್ಲುಗಾವಲು. ಇವರಿಗೆ ಪರಿಚಯದ ಅಕ್ಕಿ ವ್ಯಾಪಾರಿಯೊಬ್ಬರ ಜಮೀನು. ಜಾಗ ಚೆಂದವೇ. ತೊಂದರೆ ಏನೆಂದರೆ ಅಲ್ಲಿಂದ ನಾಲ್ಕು ಮೈಲಿ ದೂರದಲ್ಲಿ ನನ್ನ ತವರೂರು.

“ನಮ್ಮವ್ವಗ ಒಂದು ಮಾತು ತಿಳಸಬೇಕಾಗಿತ್ತು,” ಎಂದೆ.

“ತಿಳಿಸಿದ್ರ ಮುಗೀತು. ಊಟಕ್ಕ ಕರೀತಾರ, ಹಾಸಗಿ ಹಾಸತಾರ. ನಮ್ಮ ಕ್ಯಾಂಪ್ ಎಲ್ಲಿ ಉಳೀತು?” ಎಂದರು ಇವರು.

ನಾನೂ ಒತ್ತಾಯ ಮಾಡಲಿಲ್ಲ. ಅದಕ್ಕೆ ಕಾರಣವಿತ್ತು. ನನ್ನ ಅವ್ವ ಮತ್ತು ಅತ್ತೆ ನನ್ನ ಮದುವೆಯ ದಿನದಿಂದ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿರಲಿಲ್ಲ. ಮದುವೆಯಲ್ಲಿ ಅವ್ವ ಬೀಗತಿಗೆ ಉಡಿಸಿದ ಸೀರೆಯ ಅಂಚು, ಅತ್ತೆಯ ವಾರಗಿತ್ತಿಗೆ ಉಡಿಸಿದ ಸೀರೆಯ ಅಂಚಿಗಿಂತ ಎರಡು ಬೆರಳು ಸಣ್ಣದಿತ್ತು. ಅಷ್ಟೇ. ಆದರೆ ಆ ಎರಡು ಬೆರಳು ಹದಿನಾಲ್ಕು ವರ್ಷ ಬಾಳಿತು. ಎದುರೆದುರು ಕೂತಾಗಲೂ ಇಬ್ಬರೂ ನನ್ನ ಮೂಲಕವೇ ಮಾತಾಡುತ್ತಿದ್ದರು. “ನಿಮ್ಮವ್ವಗ ಚಾ ಬೇಕೇನ ಕೇಳು,” ಎಂದು ಅತ್ತೆ. “ಈಗ ಕುಡದೇನಿ ಅಂತ ನಿಮ್ಮತ್ತಿಗೆ ಹೇಳು,” ಎಂದು ಅವ್ವ. ನಾನು ಮಧ್ಯೆ ಕೂತು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುತ್ತಿದ್ದೆ.

ಮೊದಲ ದಿನ ಎಲ್ಲವೂ ಇವರು ಬಯಸಿದಂತೆಯೇ ನಡೆಯಿತು. ರಸ್ತೆ ಬಿಟ್ಟು ಕೆಮ್ಮಣ್ಣಿನ ಜಾಡಿನಲ್ಲಿ ಕುಲುಕುತ್ತ, ಬಿದಿರಿನ ಮೆಳೆಗಳಿಗೆ ಉಜ್ಜುತ್ತ ಹೊಳೆಯ ದಂಡೆಗೆ ಬಂದೆವು. ಮಕ್ಕಳು ನೀರಿಗೆ ಓಡಿದರು. ಅತ್ತೆ ಮೆಟ್ಟಿಲಿನಿಂದ ರಾಣಿಯಂತೆ ಇಳಿದರು. ಇವರು ಮಡಚುವ ಕುರ್ಚಿ ಬಿಡಿಸಿ ಕಾಲು ಚಾಚಿದರು. ನಾನು ಒಲೆಯ ಮುಂದೆ ನಿಂತೆ. ನಗಲಿಲ್ಲ.

ಸಂಜೆಯ ಹೊತ್ತಿಗೆ ಎಮ್ಮೆಗಳನ್ನು ಹೊಡೆದುಕೊಂಡು ಹೊರಟಿದ್ದ ಮೂವರು ಗೌಳಿ ಹೆಂಗಸರು ನಮ್ಮನ್ನು ಕಂಡು ನಿಂತರು. ಗಾಡಿ ನೋಡಿದರು, ಸ್ಟವ್ ನೋಡಿದರು, ತಾಡಪತ್ರಿಯ ಒಳಗೆ ಹಾಸಿದ್ದ ಹಾಸಿಗೆ ನೋಡಿದರು. ಅವರಲ್ಲಿ ಹಿರಿಯಳು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು, “ಘರ ನಾಹೀ ಕಾ, ಬಾಯಿ?” ಮನೆ ಇಲ್ಲವೇ ಎಂದು. ಇದೆ, ಬೆಳಗಾವಿಯಲ್ಲಿದೆ, ಸ್ವಂತದ್ದು ಎಂದು ನಾನು ಎಷ್ಟು ಹೇಳಿದರೂ ಆಕೆ ಲೊಚಗುಟ್ಟುವುದನ್ನು ನಿಲ್ಲಿಸಲಿಲ್ಲ. ಹೋಗುವಾಗ ಸೆರಗಿನಿಂದ ಎರಡು ಸೌತೆಕಾಯಿ ತೆಗೆದು ನನ್ನ ಮಕ್ಕಳ ಕೈಗಿಟ್ಟಳು.

ಸುದ್ದಿ ಆ ಎಮ್ಮೆಗಳ ಜೊತೆಗೇ ನಡೆದು ನನ್ನ ತವರೂರು ಸೇರಿತು. ಮರುದಿನ ಬೆಳಿಗ್ಗೆ ನಾವು ಉಪ್ಪಿಟ್ಟು ತಿನ್ನುತ್ತಿದ್ದಾಗ ನನ್ನ ತಮ್ಮ ಸೈಕಲ್ ತುಳಿದುಕೊಂಡು ಬಂದ. ಮುಖ ಇಷ್ಟು ಸಣ್ಣದಾಗಿತ್ತು. ನನ್ನನ್ನು ಮಾತಾಡಿಸಲೂ ಇಲ್ಲ. ಇವರನ್ನು ಹುಣಸೆಮರದ ಹಿಂದೆ ಕರೆದುಕೊಂಡು ಹೋದ. ಪಿಸುಮಾತೇ ಆದರೂ ಹೊಳೆದಂಡೆಯಲ್ಲಿ ಎಲ್ಲವೂ ಕೇಳಿಸುತ್ತದೆ.

“ಮಾಮಾ, ಏನರ ಅಡಚಣಿ ಆಗೇತೇನ್ರಿ? ಅಂಗಡಿ ಏನರ ಹೋತೇನು? ನಾಚಕೋಬ್ಯಾಡ್ರಿ. ನಾ ಹೊರಗಿನಾಂವಲ್ಲ.”

“ಏನೂ ಆಗಿಲ್ಲೋ. ಖುಷೀಲೆ ಬಂದೇವಿ.”

“ಖುಷೀಲೆ ಯಾರರ ಹೊಳಿ ದಂಡಿ ಮ್ಯಾಲ ಮಲಗ್ತಾರೇನ್ರಿ? ನಾಲ್ಕು ಮೈಲಿಗೆ ಮಾವನ ಮನಿ ಐತಿ. ಅಳಿಯ ಅಡವ್ಯಾಗ ಬಿದ್ದಾನ ಅಂದ್ರ ನಾ ಊರಾಗ ಹೆಂಗ ತಿರಗ್ಲಿ?”

ಇವರು ಆ ಬಣ್ಣದ ಚಿತ್ರವನ್ನು ತಂದು ತೋರಿಸಿದರು. ತಮ್ಮ ಅದನ್ನು ಬಹಳ ಹೊತ್ತು ನೋಡಿದ. “ಇವರಿಗೂ ಮನಿ ಇದ್ದಂಗ ಕಾಣಸಾಂಗಿಲ್ಲ, ಪಾಪ,” ಎಂದು ಹಿಂದಕ್ಕೆ ಕೊಟ್ಟ. ನಾನು ಉಪ್ಪಿಟ್ಟಿನ ತಟ್ಟೆಯಿಂದ ಮುಖ ಎತ್ತಲಿಲ್ಲ. ಎತ್ತಿದ್ದರೆ ನಗು ತಡೆಯುತ್ತಿರಲಿಲ್ಲ.

ಎಷ್ಟು ಕರೆದರೂ ಇವರು ಜಗ್ಗಲಿಲ್ಲ. ತಮ್ಮ ಹೋದ. ಮಧ್ಯಾಹ್ನದ ಹೊತ್ತಿಗೆ ಎತ್ತಿನ ಬಂಡಿಯೊಂದು ಜಾಡಿನಲ್ಲಿ ಕಾಣಿಸಿತು. ಹೊಡೆಯುತ್ತಿದ್ದವನು ತಮ್ಮ. ಹಿಂದೆ ರೊಟ್ಟಿಯ ಬುಟ್ಟಿ, ಮಜ್ಜಿಗೆಯ ಗಡಿಗೆ, ಅವುಗಳ ನಡುವೆ ತಲೆಯ ಮೇಲೆ ಸೆರಗು ಹೊದ್ದು ನೆಟ್ಟಗೆ ಕೂತ ನನ್ನ ಅವ್ವ.

“ನಾ ಯಾರನ್ನೂ ಕರಿಯಾಕ ಬಂದಿಲ್ಲ,” ಎಂದು ಬಂಡಿಯಿಂದಲೇ ಸಾರಿದಳು. “ಮೊಮ್ಮಕ್ಕಳನ್ನ ನೋಡಾಕ ಬಂದೇನಿ. ನಿಮ್ಮತ್ತಿಗೆ ಹೇಳು.”

“ನೋಡಾಕ ಯಾರೂ ಬ್ಯಾಡ ಅಂದಿಲ್ಲಂತ ಹೇಳು,” ಎಂದರು ಅತ್ತೆ, ಎರಡು ಮಾರು ದೂರದಿಂದ.

ಊಟವಾಯಿತು. ಮಾತು ನನ್ನ ಮೂಲಕ ಹೋಗಿ ಬಂದು ಹೋಗಿ ಬಂದು ನನ್ನ ಗಂಟಲು ಒಣಗಿತು. ವಾತಾವರಣ ತಿಳಿಯಾಗಲೆಂದು ಇವರು ಒಂದು ಉಪಾಯ ಮಾಡಿದರು. ಅಳಿಯನ ಗಾಡಿ ಎಂಥದ್ದೆಂದು ನೋಡಲಿ, ಒಂದು ಸುತ್ತು ಹಾಕಿ ಬರೋಣ ಎಂದು ಅವ್ವನನ್ನು ಕರೆದರು. ಅವ್ವ ಸ್ವಲ್ಪ ಬೇಡ ಬೇಡ ಎಂದು ಮೆಟ್ಟಿಲು ಹತ್ತಿದಳು. ತನ್ನ ಜಾಗದಲ್ಲಿ ಬೀಗತಿ ಕೂತುಬಿಟ್ಟಾಳೆಂದು ನಮ್ಮ ಅತ್ತೆ ಹಿಂದೆಯೇ ಹತ್ತಿ ಕಿಟಕಿಯ ಪಕ್ಕ ಹೋಗಿ ಕೂತರು. ನಾನು ಮುಂದೆ ಇವರ ಬಾಜೂ ಕೂತೆ. ಮಕ್ಕಳು ಮಾಮನ ಜೊತೆ ದಂಡೆಯಲ್ಲೇ ಉಳಿದರು.

ಅರ್ಧ ಮೈಲಿ ಹೋದರೆ ಹೊಳೆಗೆ ಸೇರುವ ಒಂದು ಹಳ್ಳವಿತ್ತು. ಮೊಣಕಾಲುದ್ದ ನೀರು. “ದಾಟಬ್ಯಾಡ್ರಿ,” ಎಂದೆ. “ಇದಕ್ಕಂತನ ಎತ್ತರ ಮಾಡಿಸೇನಿ,” ಎಂದರು. ಗಾಡಿ ಇಳಿಯಿತು. ನೀರು ಎರಡೂ ಕಡೆ ಚಿಮ್ಮಿತು. ಮುಂದಿನ ಗಾಲಿಗಳು ಆಚೆಯ ದಿಬ್ಬವನ್ನು ಹತ್ತಿದವು. ಇವರು ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದರು. ಆಗಲೇ ಹಿಂದೆ ‘ಖಡಲ್’ ಎಂದು ಸದ್ದಾಗಿ ಗಾಡಿ ನಿಂತುಬಿಟ್ಟಿತು.

ಮೂತಿ ಮೇಲೆದ್ದಾಗ ಹಿಂಭಾಗ ಕೆಳಗಾಗಿ, ಅತ್ತೆಯ ಮೆಟ್ಟಿಲು ಹಳ್ಳದ ತಳದ ಜೇಡಿಗೆ ನೇಗಿಲಿನಂತೆ ಇಳಿದಿತ್ತು. ಮುಂದಕ್ಕೆ ಹೋದರೆ ಇನ್ನಷ್ಟು ಇಳಿಯುತ್ತಿತ್ತು. ಹಿಂದಕ್ಕೆ ಬಂದರೆ ಗಾಲಿಗಳು ಮರಳಿನಲ್ಲಿ ತಿರುಗುತ್ತಿದ್ದವು. ಸದ್ದು ಕೇಳಿ ನನ್ನ ತಮ್ಮ ಮಕ್ಕಳನ್ನು ಕರೆದುಕೊಂಡು ಓಡಿ ಬಂದ. ನೀರಿಗಿಳಿದು ನೋಡಿ, ಈ ಕಬ್ಬಿಣ ಕೊಯ್ಯದ ಹೊರತು ಗಾಡಿ ಏಳುವುದಿಲ್ಲ ಎಂದ. ಊರಿನ ಕಮ್ಮಾರನನ್ನು ಗರಗಸದ ಸಮೇತ ಕರೆತರಬೇಕು. ಬಂಡಿಯಲ್ಲಿ ಹೋಗಿ ಬರಲು ಎರಡು ಮೂರು ತಾಸು.

“ಅವ್ವಾ, ಮೊದಲ ನೀ ಇಳಿ. ಹೊತಗೊಂಡು ದಂಡಿಗೆ ಬಿಡತೇನಿ,” ಎಂದ ತಮ್ಮ.

“ಬೀಗರ ಮುಂದ ಮಗನ ಹೆಗಲ ಮ್ಯಾಲ ಕುಂದರ್ಲೇನು? ನಾ ಇಳಿಯಾಂಗಿಲ್ಲ.”

ಇವರು ಇನ್ನೊಂದು ಬದಿಯಿಂದ ಕೈ ಚಾಚಿದರು. “ಅವ್ವಾ, ನೀನರ ಬಾ.”

“ಆಕಿ ಗಟ್ಟಿ ಕುಂತಾಳ. ನಾ ಹೆದರಿ ಇಳದೆ ಅನ್ನಿಸ್ಕೊಳ್ಳೇನು?” ಎಂದರು ಅತ್ತೆ.

ಹೀಗೆ ಇಬ್ಬರೂ ಒಳಗೇ ಉಳಿದರು. ತಮ್ಮ ಬಂಡಿ ಹೊಡೆದುಕೊಂಡು ಹೋದ. ಮಕ್ಕಳು ದಂಡೆಯ ಬಂಡೆಯ ಮೇಲೆ ಕೂತು ಕಾಲು ಅಲ್ಲಾಡಿಸತೊಡಗಿದರು. ಇವರು ಅಂಗಿ ಕಳಚಿ, ಬನಿಯನ್ನಿನಲ್ಲಿ ನೀರಿಗಿಳಿದು, ಒಂದು ಸಲಿಕೆಯಿಂದ ಗಾಲಿಯ ಸುತ್ತಲಿನ ಮರಳು ತೆಗೆಯತೊಡಗಿದರು. ನಾನು ಮುಂದಿನ ಸೀಟಿನಲ್ಲಿ, ಬೆನ್ನ ಹಿಂದಿನ ಪುಟ್ಟ ಗಾಜಿನಿಂದ ಒಳಗೆ ನೋಡುತ್ತ ಕೂತೆ. ಆ ಗಾಜು ಸರಿಸಿದರೆ ತೆರೆಯುತ್ತಿತ್ತು. ಒಂದು ಬೆರಳಿನಷ್ಟು ಸರಿಸಿದೆ.

ಅತ್ತೆ ಎಲೆಯ ಚಂಚಿ ಬಿಚ್ಚಿದರು. ಒಂದು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡರು. ಚಂಚಿಯನ್ನು ಮಡಚಲಿಲ್ಲ. ಆಸನದ ಮೇಲೆ, ಇಬ್ಬರ ನಡುವೆ, ಮರೆತವರಂತೆ ಬಿಟ್ಟರು. ನನ್ನ ಅವ್ವನೂ ಎಲೆ ಹಾಕುವವಳೇ. ಆ ದಿನ ಅವಸರದಲ್ಲಿ ತನ್ನ ಚಂಚಿ ಬಿಟ್ಟು ಬಂದಿದ್ದಳು. ಅವಳು ಚಂಚಿ ನೋಡಿದಳು, ತಾಡಪತ್ರಿ ನೋಡಿದಳು, ಮತ್ತೆ ಚಂಚಿ ನೋಡಿದಳು. ಕೊನೆಗೆ ಕೈ ಚಾಚಿ ಒಂದು ಎಲೆ ತೆಗೆದುಕೊಂಡಳು. ಅತ್ತೆ ಹೊರಗೆ ನೋಡುತ್ತಲೇ ಇದ್ದರು, ಆದರೆ ಸುಣ್ಣದ ಡಬ್ಬಿಯನ್ನು ಮೊಣಕೈಯಿಂದ ಅತ್ತ ನೂಕಿದರು.

ಐದು ನಿಮಿಷವಾಯಿತು. ಅವ್ವನ ಬಾಯಿ ತುಂಬಿತು. ಕಿಟಕಿ ಇದ್ದದ್ದು ಒಂದೇ, ಅದೂ ಅತ್ತೆಯ ಬದಿಗೆ. ಅವ್ವ ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಮುಂದೆ ನೋಡಿದೆ. ಅನುವಾದಕಿಗೆ ಅಂದು ರಜೆ.

“ಸರೀರಿ ಜರಾ,” ಎಂದಳು ಅವ್ವ, ಮುಖ ಮೇಲೆತ್ತಿ, ತುಂಬಿದ ಬಾಯಿಯಲ್ಲಿ. “ಉಗುಳೂದೈತಿ.”

ಹದಿನಾಲ್ಕು ವರ್ಷಗಳಲ್ಲಿ ಬೀಗತಿಗೆ ಅವಳು ನೇರವಾಗಿ ಆಡಿದ ಮೊದಲ ಮಾತು ಅದು. ಅತ್ತೆ ಸರಿದರು. ಅವ್ವ ಕಿಟಕಿಯ ಮುಚ್ಚಳ ಎತ್ತಿ ಪಿಚಕ್ಕನೆ ಉಗುಳಿದಳು.

ಸರಿಯಾಗಿ ಅದರ ಕೆಳಗೆ, ನೀರಿನಲ್ಲಿ ಬಗ್ಗಿ ಮರಳು ತೆಗೆಯುತ್ತಿದ್ದರು ನಮ್ಮ ಮನೆಯವರು. ಬಿಳಿ ಬನಿಯನ್ನಿನ ಬೆನ್ನ ತುಂಬ ಕೆಂಪು.

“ಅಯ್ಯಯ್ಯ, ಯಾರದು!” ಎಂದು ಅವರು ಎದ್ದು ನಿಂತರು. ಅಳಿಯನ ಮೇಲೆ ಉಗುಳಿದೆನಲ್ಲಾ ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಅವಳ ಮುಖ ಬಿಳಿಚಿತ್ತು. ಅತ್ತೆ ಕಿಟಕಿಯಿಂದ ಬಗ್ಗಿ ಮಗನನ್ನು ನೋಡಿದರು. ಏನಾಗುವುದೋ ಎಂದು ನಾನು ಗಾಜನ್ನು ಇನ್ನಷ್ಟು ಸರಿಸಿದೆ. ಆಮೇಲೆ ಅತ್ತೆಯ ಹೆಗಲು ಕುಣಿಯತೊಡಗಿತು. ಅವರು ನಗುತ್ತಿದ್ದರು. ಮಾತು ಬಾರದಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಗು. “ಚೊಲೊ ಆತು ಬಿಡ್ರಿ. ಸಣ್ಣಾವಿದ್ದಾಗಿಂದ ಇಂವಗ ನಾ ಹೇಳ್ಕೋತ ಬಂದೇನಿ, ಕಿಟಕಿ ಕೆಳಗ ನಿಂದ್ರಬ್ಯಾಡ ಅಂತ,” ಎಂದರು. ಅವ್ವನೂ ಸೆರಗಿನ ಹಿಂದೆ ನಗತೊಡಗಿದಳು.

ಅಲ್ಲಿಂದ ಮಾತು ಶುರುವಾಯಿತು. ನಾನು ಗಾಜಿಗೆ ಕಿವಿ ಹಚ್ಚಿದೆ.

“ಆ ಸೀರಿ ಅಂಚು ಸಣ್ಣದಿತ್ತು, ಖರೇ ಅದ,” ಎಂದಳು ಅವ್ವ ಸ್ವಲ್ಪ ಹೊತ್ತಿನ ಮೇಲೆ. “ತಿಳದ ಮಾಡಿದ್ದೆ. ತಪ್ಪಿ ಆದದ್ದಲ್ಲ.”

“ನಂಗ ಗೊತ್ತಿತ್ತು ತಿಳದ ಮಾಡೀರಂತ.”

“ಮತ್ತ ನೀವು ನಿಶ್ಚೇದ ದಿನ ಏನಂದ್ರಿ? ಹುಡಗಿ ಕಪ್ಪದಾಳ ಅಂದ್ರಿಲ್ಲೋ?”

“ಅಂದೆ. ಕಪ್ಪ ಇದ್ಳು, ಅಂದೆ.”

ಅವ್ವ ಚಂಚಿಯಿಂದ ಇನ್ನೊಂದು ಎಲೆ ತೆಗೆದಳು.

“ಈಗೂ ಕಪ್ಪನ ಅದಾಳ,” ಎಂದಳು ಅವ್ವ.

“ಸಾಲಿಗೆ ಬಿಸಿಲಾಗ ಅಡ್ಡಾಡಿ ಇನ್ನೂ ಕಪ್ಪಾಗ್ಯಾಳ,” ಎಂದರು ಅತ್ತೆ. “ಆದ್ರ ಕೈ ಚೊಲೊ ಐತಿ. ಜುಣಕಾ ನನಕಿಂತ ಚೊಲೊ ಮಾಡ್ತಾಳ. ಆಕಿ ಮುಂದ ಹೇಳಬ್ಯಾಡ್ರಿ ಮತ್ತ.”

ಎರಡು ಮನೆತನಗಳ ನಡುವಿನ ಒಪ್ಪಂದ ಹೀಗೆ ನನ್ನ ಬಣ್ಣದ ಮೇಲೆ ಆಯಿತು. ಬಯ್ಯಿಸಿಕೊಂಡೆನೋ ಹೊಗಳಿಸಿಕೊಂಡೆನೋ ತಿಳಿಯದೆ ನಾನು ಗಾಜನ್ನು ಮೆಲ್ಲಗೆ ಮುಚ್ಚಿದೆ. ಕಣ್ಣು ಯಾಕೋ ತೇವವಾಗಿತ್ತು. ಹೊರಗೆ ಇವರು ಬನಿಯನ್ ಹಿಂಡುತ್ತಿದ್ದರು.

ಕಮ್ಮಾರ ಬಂದಾಗ ಬಿಸಿಲು ಇಳಿಯುತ್ತಿತ್ತು. ಜೊತೆಗೆ ಊರಿನ ಆರು ಮಂದಿ ಬಂದಿದ್ದರು. ಅಳಿಯ ಹಳ್ಳದಲ್ಲಿ ಸಿಕ್ಕಿದ್ದಾನೆಂದರೆ ಯಾರು ಮನೆಯಲ್ಲಿ ಕೂರುತ್ತಾರೆ? ನೀರಿನೊಳಗೆ ಕೈಯಿಟ್ಟು ಕಮ್ಮಾರ ಮುಕ್ಕಾಲು ತಾಸು ಕೊಯ್ದ. “ಯಾವ ಮಿಸ್ತ್ರಿರೀ ಇಂವ? ಹಿಂಗ ವೆಲ್ಡಿಂಗ್ ಮಾಡ್ಯಾನ!” ಎಂದು ಒಂದೇ ಸಮನೆ ಬೈಯುತ್ತ, ಅದರ ನಡುವೆಯೇ ಒಂದಿಷ್ಟು ಮೆಚ್ಚುತ್ತ ಕೊಯ್ದ. ಮೆಟ್ಟಿಲು ಕಳಚಿ ಬಿತ್ತು. ಎಲ್ಲರೂ ನೂಕಿದರು. ಗಾಡಿ ಒಮ್ಮೆ ಗುಡುಗಿ ಜಿಗಿದು ದಂಡೆ ಹತ್ತಿತು. ಮಕ್ಕಳು ಕೇಕೆ ಹಾಕಿದರು.

ಇನ್ನು ಮನೆಗೆ ಹೋಗೋಣ ಎಂದು ತಮ್ಮ ಬಂಡಿ ತಿರುಗಿಸಿದರೆ ಅವ್ವ ಪಿಕಪ್ಪಿನಿಂದ ಇಳಿಯಲೇ ಇಲ್ಲ.

“ನೀ ಹೋಗು. ನಾ ಇಲ್ಲೇ ಇರ್ತೇನಿ. ಬೀಗತೇರು ಇರು ಅಂತಾರ.”

“ಅವ್ವಾ, ಹೊಳಿ ದಂಡಿ ಮ್ಯಾಲ ಮಲಗ್ತಿಯೇನು?” ತಮ್ಮನಿಗೆ ಅಳುವೇ ಬಂದಿತ್ತು.

“ಯಾಕ, ಅಳಿಯ ಮಲಗಿಲ್ಲೇನು?”

ಅವ್ವ ಎರಡು ದಿನ ಇದ್ದಳು. ತಾಡಪತ್ರಿಯ ಒಳಗಿನ ನಾಲ್ಕು ಮಂದಿಯ ಹಾಸಿಗೆಗೆ ಇಬ್ಬರು ಬೀಗತಿಯರು, ಇಬ್ಬರು ಮೊಮ್ಮಕ್ಕಳು ಸರಿಹೋದರು. ನಾವಿಬ್ಬರು ಮುಂದಿನ ಸೀಟಿನಲ್ಲಿ ಕೂತೇ ನಿದ್ದೆ ಮಾಡಿದೆವು. ಬೆಳಿಗ್ಗೆ ಎದ್ದಾಗ ಇವರ ಕುತ್ತಿಗೆ ಎಡಕ್ಕೆ ತಿರುಗಿದ್ದು ನೆಟ್ಟಗಾಗಲಿಲ್ಲ. ಆ ಸೊಟ್ಟ ಕುತ್ತಿಗೆಯಲ್ಲೇ, ಮದುವೆಯಾದ ಮೇಲೆ ಮೊದಲ ಸಲ, ಅವರು ಎಲ್ಲರಿಗೂ ಚಹಾ ಮಾಡಿದರು. ನಾನು ಮಡಚುವ ಕುರ್ಚಿಯಲ್ಲಿ ಕಾಲು ಚಾಚಿ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಹೇಳಲಿಲ್ಲ.

ಮೂರನೆಯ ದಿನ ತಮ್ಮ ಬಂದವನು ಇನ್ನು ಕರೆಯುವ ಮಾತನ್ನೇ ಎತ್ತಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಡ್ರಾವರ್ ಎಳೆದು ನೋಡಿ, ಇವರ ಹತ್ತಿರ ಬಂದು ಮೆಲ್ಲಗೆ ಹೇಳಿದ, “ಮಾಮಾ, ಮುಂದಿನ ಸಲ ಬರೂ ಮುಂದ ಒಂದು ಕಾರ್ಡ್ ಹಾಕ್ರಿ. ನಾನೂ ಬರ್ತೇನಿ.”

ಅವ್ವ ನಮ್ಮ ಜೊತೆಗೆ ಬೆಳಗಾವಿಗೆ ಹೊರಟಳು. ಮಗಳ ಮನೆಯಲ್ಲಿ ಹದಿನೈದು ದಿನ ಇರುವುದೆಂದು ಅವಳೂ ಅತ್ತೆಯೂ ತಾವೇ ನಿಶ್ಚಯಿಸಿದ್ದರು. ನನ್ನನ್ನಾಗಲಿ ಇವರನ್ನಾಗಲಿ ಯಾರೂ ಕೇಳಿರಲಿಲ್ಲ. ಖಾನಾಪುರದಲ್ಲಿ ಗಾಡಿ ನಿಲ್ಲಿಸಲು ಹೇಳಿದರು. ಇಲ್ಲಿನ ಮಣ್ಣಿನ ಹರವಿಯಲ್ಲಿ ನೀರು ತಣ್ಣಗಿರುತ್ತದೆ, ಬೀಗತಿಗೆ ಒಂದು ಕೊಡಿಸುತ್ತೇನೆ ಎಂದಳು ಅವ್ವ. ಮೆಟ್ಟಿಲಿನ ಬದಲು ಇವರ ಮಡಚುವ ಕುರ್ಚಿಯ ಮೇಲೆ ಕಾಲಿಟ್ಟು ಇಳಿದು, ಒಂದನ್ನು ಕೊಳ್ಳಲು ಇಬ್ಬರೂ ಕುಂಬಾರರ ಅಂಗಡಿಗೆ ಹೋದರು. ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಗಿಟ್ಟು ಕೇಳಿ, ಹಿಂತಿರುಗುವಾಗ ಏಳು ತಂದರು. ಅತ್ತೆಗೆ, ಅತ್ತೆಯ ವಾರಗಿತ್ತಿಗೆ, ಪಕ್ಕದ ಮನೆಯಾಕೆಗೆ, ಮಿಸ್ತ್ರಿಯ ಮನೆಗೆ, ಉಳಿದವು ಇರಲಿ ಎಂದು. ಅಡುಗೆಯ ಡ್ರಾವರಿನಲ್ಲಿ ಒಂದು, ಹಾಸಿಗೆಯ ಸುರುಳಿಗಳ ನಡುವೆ ನಾಲ್ಕು, ನನ್ನ ತೊಡೆಯ ಮೇಲೆ ಒಂದು, ದೊಡ್ಡ ಮಗಳ ತೊಡೆಯ ಮೇಲೆ ಒಂದು.

ಖಾನಾಪುರದಿಂದ ಬೆಳಗಾವಿಗೆ ಒಳ್ಳೆಯ ಡಾಂಬರು ರಸ್ತೆ. ಆದರೂ ನಮಗೆ ಎರಡೂವರೆ ತಾಸು ಹಿಡಿಯಿತು. ಬಸ್ಸುಗಳು ದಾಟಿ ಹೋದವು, ಲಾರಿಗಳು ದಾಟಿ ಹೋದವು, ಒಬ್ಬ ಹಾಲಿನವನು ಸೈಕಲ್ಲಿನಲ್ಲಿ ದಾಟಿ ಹೋಗಿ ತಿರುಗಿ ನೋಡಿದ. ಇವರು ಸೊಟ್ಟ ಕುತ್ತಿಗೆಯಲ್ಲಿ ಸ್ಟೇರಿಂಗ್ ಹಿಡಿದು, ಹಲ್ಲು ಕಚ್ಚಿಕೊಂಡು ನಡೆಸುತ್ತಿದ್ದರು. ಒಂದು ಸಣ್ಣ ತಗ್ಗು ಬಂದರೂ ಹಿಂದಿನ ಗಾಜಿನ ಮೇಲೆ ಎರಡು ಕೈಗಳು ಒಟ್ಟಿಗೆ ಬಡಿಯುತ್ತಿದ್ದವು.

“ಸಾವಕಾಶೋ, ಸಾವಕಾಶ!” ಎಂದು ಒಂದು ದನಿ.

“ಹರವಿ ಅದಾವ್ರಿ ಅಳಿಯಂದ್ರ!” ಎಂದು ಇನ್ನೊಂದು.